ಕಾಯಿಲೆಯೋರ ಮನೆಗೆ ದೇವರೂ ಬೇಕು ಜನರೂ ಬೇಕು, ಆದ್ರೆ ಹೆಂಗೆ?

ಅಪ್ಪಂಗೆ ಹಾರ್ಟ್ ಬೈಪಾಸ್ ಆಪರೇಷನ್ ಆಗಿ, ಡಿಸ್ಚಾರ್ಜ್ ಮಾಡಿಸ್ಕೊಂಡು ತಿಪಟೂರು ಹತ್ರ ನಮ್ಮೂರಿಗೆ ಕಾರಲ್ಲಿ ಕರ್ಕೊಂಡ್ ಬಂದ್ರೆ ಬಾಗಿಲ ಮುಂದೆ ಆಗ್ಲೇ ಹನ್ನೊಂದು ಜೊತೆ ಚಪ್ಪಲಿ. ಒಳಗಡೆ ದೊಡ್ಡಮ್ಮ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದಾರೆ, ಸೋದರತ್ತೆ ಎಡೆಯೂರು ಸಿದ್ಧಲಿಂಗೇಶ್ವರಂಗೆ ಹರಕೆ ಹೊತ್ತಿದ್ದಾರೆ, ಚಿಕ್ಕಪ್ಪ ಧರ್ಮಸ್ಥಳಕ್ಕೆ, ನಮ್ಮ ಭಾವ ತಿರುಪತಿಗೆ ಮುಡಿ ಕೊಡ್ತೀನಿ ಅಂತ, ಪಕ್ಕದ ಮನೆಯೋರು ಎಳನೀರಿನ ಗೊನೆಯನ್ನೇ ತಂದು ಮೂಲೆಯಲ್ಲಿ ಇಟ್ಟಿದ್ದಾರೆ. ನಾನು ಧೈರ್ಯ ಬರ್ಲಿ ಅಂತ ಅಪ್ಪಂಗೆ ಹೇಳ್ದೆ, "ನೋಡಿ ಅಪ್ಪ, ಇಡೀ ಊರೇ ನಿಮಗೋಸ್ಕರ ಹರಕೆ ಹೊತ್ತಿದೆ." ಅಪ್ಪ ಎದೆಗೆ ದಿಂಬು ಒತ್ಕೊಂಡು ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿ, "ಅಷ್ಟು ಸೀರಿಯಸ್ಸಾಗಿತ್ತೇನೋ ನಂಗೆ?" ಅಂದ್ರು. ಅವತ್ತು ರಾತ್ರಿ ಅವರು ಕಣ್ಣೇ ಮುಚ್ಚಲಿಲ್ಲ.

ನಾನು ಡಾಕ್ಟರ್ ಅಲ್ಲ, ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಮೂರು ತಿಂಗಳು ಊರಿಗೂ ಸಿಟಿಗೂ ಓಡಾಡ್ದೋನು. ಅಪ್ಪ ಹುಷಾರಾಗಿದ್ದು ಮೊದಲು ಆಪರೇಷನ್ನಿಂದ, ಮಾತ್ರೆಯಿಂದ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಂಚ ಬಿಟ್ಟು ಎದ್ದು ಓಡಾಡೋಕೆ ಮನಸ್ಸು ಮಾಡಿದ್ದು ಬೇರೆ ಕಾರಣಕ್ಕೆ, ಅದು ಜನ ಮತ್ತೆ ಭಕ್ತಿ. ಇವೆರಡನ್ನೂ ತಪ್ಪು ತಪ್ಪಾಗಿ ಮಾಡಿ ಅಪ್ಪನ ತಲೆ ಕೆಡಿಸಿದ್ದೂ ನಾವೇ, ಆಮೇಲೆ ಒಂದೊಂದಾಗಿ ಸರಿ ಮಾಡ್ಕೊಂಡಿದ್ದೂ ನಾವೇ. ಮನೇಲಿ ಆಪರೇಷನ್ ಆದೋರು, ಕೀಮೋ ತಗೋತಿರೋರು, ಸ್ಟ್ರೋಕ್ ಆದೋರು ಇದ್ರೆ ಇದು ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀನಿ.

ಮೊದಲ್ನೇದು: ಬಾಗಿಲು ಕಾಯೋಕೆ ಒಬ್ರನ್ನ ಇಡಿ

ನಮ್ಮೂರ ಕಡೆ ಕಾಯಿಲೆಯೋರನ್ನ ನೋಡೋಕೆ ಹೋಗ್ದಿದ್ರೆ ತಪ್ಪು ತಿಳ್ಕೋತಾರೆ, ಅದಕ್ಕೇ ಎಲ್ರೂ ಬರ್ತಾರೆ, ಮೊದಲ ವಾರದಲ್ಲೇ ಬರ್ತಾರೆ, ಒಟ್ಟಿಗೇ ಬರ್ತಾರೆ. ಮೊದಲ ವಾರ ಅಂದ್ರೆ ಇನ್ಫೆಕ್ಷನ್ ಭಯ ಇರೋ ವಾರ, ನಿದ್ದೆ ಬೇಕಾಗಿರೋ ವಾರ. ಆಪರೇಷನ್ನಲ್ಲಿ ಕೊಯ್ದ ಎದೆ ಮೂಳೆ ಕೂಡ್ಕೊಳ್ಳೋಕೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ, ಅಲ್ಲಿವರೆಗೂ ಕೈ ಊರಿ ಏಳೋ ಹಂಗಿಲ್ಲ, ಕೆಮ್ಮು ಬಂದ್ರೆ ಎದೆಗೆ ದಿಂಬು ಒತ್ತಿ ಹಿಡ್ಕೋಬೇಕು. ಆದ್ರೆ ಮನೆಗೆ ದೊಡ್ಡೋರು ಬಂದ್ರೆ ಅಪ್ಪಂಗೆ ಮಲಗಿರೋಕೆ ಸಂಕೋಚ, ಎದ್ದು ಕೂರೋರು, ಒಂದ್ಸಲ ಸ್ವಾಮೀಜಿ ಒಬ್ರು ಬಂದಾಗ ಬಗ್ಗಿ ಕಾಲಿಗೆ ಬೀಳೋಕೂ ಹೋದ್ರು, ನಮ್ಮಕ್ಕ ಓಡಿ ಹೋಗಿ ಹಿಡ್ಕೊಂಡ್ಳು. ಸ್ವಾಮೀಜಿನೇ ಬೇಜಾರ್ ಮಾಡ್ಕೊಂಡು "ಕೂತ್ಕೊಳ್ರೀ ಮೇಷ್ಟ್ರೇ" ಅಂತ ಬೈದ್ರು.

ಅವತ್ತಿಂದ ಅಕ್ಕನೇ ಬಾಗಿಲು ಕಾಯೋ ಡ್ಯೂಟಿ. ರೋಗಿಯ ಹೆಂಡ್ತಿಗೆ ಈ ಕೆಲಸ ಕೊಡಬೇಡಿ, ಅಮ್ಮಂದಿರಿಗೆ ಯಾರನ್ನೂ ವಾಪಸ್ ಕಳಿಸೋಕೆ ಬಾಯಿ ಬರಲ್ಲ, ಜೊತೆಗೆ ಬಂದೋರಿಗೆಲ್ಲ ಕಾಫಿ ಬೇರೆ ಮಾಡ್ತಾರೆ. ಮನೇಲಿ ಸ್ವಲ್ಪ ಖಡಕ್ ಆಗಿ ಮಾತಾಡೋರು ಯಾರಾದ್ರೂ ಇದ್ದೇ ಇರ್ತಾರಲ್ಲ, ಅವರಿಗೆ ಕೊಡಿ. ಅಕ್ಕ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಹಾಕಿದ ಮೆಸೇಜ್ ಇಷ್ಟೇ: ಸಂಜೆ ನಾಲ್ಕರಿಂದ ಆರು, ಒಂದ್ಸಲಕ್ಕೆ ಇಬ್ರು, ಇಪ್ಪತ್ತು ನಿಮಿಷ, ನೆಗಡಿ ಕೆಮ್ಮು ಇದ್ರೆ ಮುಂದಿನ ವಾರ ಬನ್ನಿ, ಡಾಕ್ಟರ್ ಹೇಳಿದ್ದಾರೆ. ಈ ಕೊನೆಯ ಎರಡು ಪದ ಮರೀಬೇಡಿ, ನೀವು ಹೇಳಿದ್ರೆ ಜಗಳ, ಡಾಕ್ಟರ್ ಹೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಹಂಗಂತ ಬಾಗಿಲು ಪೂರ್ತಿ ಹಾಕ್ಕೊಂಡು ಕೂರೋದೂ ತಪ್ಪು. ಸಿಟಿ ಫ್ಲಾಟುಗಳಲ್ಲಿ ಇದೇ ಆಗೋದು, ರೆಸ್ಟ್ ರೆಸ್ಟ್ ಅಂತ ರೋಗಿನ ಒಂದು ರೂಮಲ್ಲಿ ಟೀವಿ ಜೊತೆ ಬಿಟ್ಟು ಎಲ್ರೂ ಕೆಲಸಕ್ಕೆ ಹೋಗ್ತಾರೆ. 2010ರಲ್ಲಿ ಅಮೆರಿಕದ ಸಂಶೋಧಕರು ಆವತ್ತಿನವರೆಗೆ ಬಂದಿದ್ದ 148 ಅಧ್ಯಯನಗಳನ್ನ ಒಟ್ಟು ಹಾಕಿ, 3 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ನೋಡಿದ್ರು, ಜನರ ಒಡನಾಟ ಗಟ್ಟಿಯಾಗಿ ಇದ್ದೋರು ಅಧ್ಯಯನ ನಡೆದ ಅವಧಿಯಲ್ಲಿ ಬದುಕುಳಿಯೋ ಸಾಧ್ಯತೆ ಸುಮಾರು ಶೇ. 50ರಷ್ಟು ಜಾಸ್ತಿ ಇತ್ತು. ಒಡನಾಟ ಅಂದ್ರೆ ಹನ್ನೊಂದು ಜೊತೆ ಚಪ್ಪಲಿ ಅಲ್ಲ ಅನ್ನೋದು ನಮಗೆ ಆಮೇಲೆ ಗೊತ್ತಾಯ್ತು.

ಎರಡ್ನೇದು: ಅವರಿಗೆ ಏನ್ ಬೇಕು ಅಂತ ಅವರನ್ನೇ ಕೇಳಿ

ಇದು ಎಷ್ಟು ಸುಲಭ ಅನ್ಸತ್ತೆ, ಆದ್ರೆ ಯಾರೂ ಕೇಳಲ್ಲ. ನಾವೂ ಕೇಳಿರ್ಲಿಲ್ಲ, ಬೆಳಿಗ್ಗೆ ಐದಕ್ಕೆ ಮೊಬೈಲಲ್ಲಿ ಸುಪ್ರಭಾತ ಹಾಕಿ ತಲೆ ಹತ್ರ ಇಡ್ತಿದ್ವಿ, ಅಪ್ಪ ನಾಲ್ಕು ದಿನ ತಡ್ಕೊಂಡು ಐದ್ನೇ ದಿನ "ಅದನ್ನ ಸ್ವಲ್ಪ ಆಫ್ ಮಾಡ್ರಪ್ಪಾ" ಅಂದ್ರು. ಅಪ್ಪ ಅಷ್ಟೊಂದು ಪೂಜೆ ಪುನಸ್ಕಾರದ ಮನುಷ್ಯ ಅಲ್ಲ. ಶನಿವಾರ ಆಂಜನೇಯನ ಗುಡಿ ಭಜನೆಗೆ ಮಾತ್ರ ಮೂವತ್ತು ವರ್ಷದಿಂದ ತಪ್ಪಿಸಿಲ್ಲ, ಅಲ್ಲಿ ತಾಳ ಹಾಕೋರು.

ಹಾಸ್ಪಿಸ್ ಆರೈಕೆ ಅಂತ ಒಂದಿದೆಯಲ್ಲ, ವಾಸಿ ಆಗದ ಕಾಯಿಲೆಯೋರನ್ನ ಕೊನೆಗಾಲದಲ್ಲಿ ನೋವು ಕಮ್ಮಿ ಮಾಡಿ ನೋಡ್ಕೊಳ್ಳೋದು, ಬೆಂಗಳೂರಲ್ಲಿ ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಅದನ್ನ ಮಾಡ್ತಾ ಬಂದಿದೆ. ಆ ಪದ್ಧತಿಗೆ ಬುನಾದಿ ಹಾಕಿದ್ದು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಅನ್ನೋ ಹಾಸ್ಪಿಸ್ ಶುರು ಮಾಡಿದವರು. ನೋವು ಅಂದ್ರೆ ಬರೀ ದೇಹದ್ದಲ್ಲ, ಮನಸ್ಸಿನದ್ದು, ಮನೆಮಂದಿಯ ದುಡ್ಡುಕಾಸಿನ ಚಿಂತೆಯದ್ದು, "ನಂಗ್ಯಾಕೆ ಹಿಂಗಾಯ್ತು" ಅನ್ನೋ ಆತ್ಮದ್ದು, ನಾಲ್ಕೂ ಸೇರಿದ್ದು ಅಂತ ಅವರು ಹೇಳ್ತಿದ್ರು. ನಾಲ್ಕಕ್ಕೂ ಒಂದೇ ಮಾತ್ರೆ ಇಲ್ಲ, ಅದಕ್ಕೆ ಕೇಳ್ಬೇಕು.

ಹೆಂಗೆ ಕೇಳೋದು? ಎದುರಿಗೆ ಕೂರಿಸ್ಕೊಂಡು ಇಂಟರ್‌ವ್ಯೂ ಥರ ಬೇಡ, ತಲೆಗೆ ಎಣ್ಣೆ ಹಚ್ಚುವಾಗ, ಉಗುರು ಕತ್ತರಿಸುವಾಗ ಕೇಳಿ. ಕಷ್ಟ ಬಂದಾಗ ಮೊದಲು ಏನ್ ಮಾಡ್ತಿದ್ರಿ? ಈಗ ಯಾವ್ದು ಮಿಸ್ ಮಾಡ್ಕೋತಿದ್ದೀರಿ? ಯಾರು ಬಂದ್ರೆ ಖುಷಿ ಆಗತ್ತೆ, ಯಾರು ಬರೋದು ಬೇಡ? (ಈ ಕೊನೆ ಪ್ರಶ್ನೆಗೆ ನಿಮಗೆ ಆಶ್ಚರ್ಯ ಆಗೋ ಉತ್ತರ ಬರತ್ತೆ, ಮನಸ್ಸಲ್ಲೇ ಇಟ್ಕೊಳ್ಳಿ, ಗ್ರೂಪಲ್ಲಿ ಹಾಕ್ಬೇಡಿ.) ಕೆಲವರು ನಮಾಜು ಅಂತಾರೆ, ಕೆಲವರು ಲಿಂಗಪೂಜೆ, ಕೆಲವರಿಗೆ ಚರ್ಚಿನ ಫಾದರ್ ಒಂದ್ಸಲ ಬಂದು ಹೋದ್ರೆ ಸಾಕು, ಕೆಲವರಿಗೆ ದೇವರೇ ಬೇಡ ತೋಟ ನೋಡ್ಬೇಕು. ದೇವರನ್ನ ನಂಬದೋರಿಗೂ ಆತ್ಮ ಅನ್ನೋದು ಇದ್ದೇ ಇರತ್ತೆ, ಅದು ತೋಟದಲ್ಲೋ ಮೊಮ್ಮಕ್ಕಳಲ್ಲೋ ಇರತ್ತೆ ಅಷ್ಟೇ, ಅಂಥೋರ ಹಣೆಗೆ ಬಲವಂತವಾಗಿ ವಿಭೂತಿ ಹಚ್ಚೋಕೆ ಹೋಗ್ಬೇಡಿ.

ಮೂರ್ನೇದು: ಕೂರೋದು ಹೆಂಗೆ, ಮಾತು ಏನು

ನೋಡೋಕೆ ಹೋಗೋರಿಗೆ ಇದು. ಕೆಳಗಿನ ಮಾತುಗಳನ್ನ ನಮ್ಮನೆ ಹಜಾರದಲ್ಲೇ ಕೇಳಿದ್ದೀನಿ, ಒಂದೂ ಕಟ್ಟಿದ್ದಲ್ಲ: "ನಮ್ಮ ಷಡ್ಡಕಂಗೂ ಇದೇ ಆಗಿತ್ತು, ಪಾಪ, ಆರೇ ತಿಂಗಳು." "ಆಪರೇಷನ್ ಮಾಡ್ಸೋ ಅಗತ್ಯಾನೇ ಇರ್ಲಿಲ್ಲ, ಒಂದು ಕಷಾಯ ಇತ್ತು." "ಒಟ್ಟು ಎಷ್ಟು ಬಿತ್ತು?" "ಏನ್ ಮಾಡೋದು, ಯಾವ ಜನ್ಮದ ಕರ್ಮಾನೋ." ಕರ್ಮದ ಮಾತು ಎಲ್ಲಕ್ಕಿಂತ ಕೆಟ್ಟದ್ದು, ಮಲಗಿರೋ ಮನುಷ್ಯಂಗೆ ನೋವಿನ ಜೊತೆಗೆ ಅಪರಾಧಾನೂ ಹೊರಿಸಿ ಎದ್ದು ಹೋಗ್ತಾರೆ. ಅಪ್ಪ ಆಮೇಲೆ ಎರಡು ದಿನ, ನಾನ್ ಯಾವ ಮಗುಗೆ ಹೊಡೆದಿದ್ದೆ, ಯಾರಿಗೆ ಅನ್ಯಾಯ ಮಾಡಿದ್ದೆ ಅಂತ ಹಳೇ ಸ್ಕೂಲಿನ ಹುಡುಗರ ಹೆಸರೆಲ್ಲ ನೆನೆಸ್ಕೊಂಡು ಕೂತ್ಕೊಂಡಿದ್ರು.

ಈಗ ಒಳ್ಳೇ ಉದಾಹರಣೆ ಹೇಳ್ತೀನಿ. ಅಪ್ಪನ ಸ್ನೇಹಿತರು ಒಬ್ರಿದ್ದಾರೆ, ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದೋರು, ನಾವೆಲ್ಲ ಕಂಡಕ್ಟರ್ ಮಾವ ಅಂತೀವಿ. ಅವರು ದಿನಾ ಸಂಜೆ ನಾಲ್ಕೂವರೆಗೆ ಬರೋರು. ಕೈ ತೊಳ್ಕೊಂಡು, ಕುರ್ಚಿನ ಮಂಚದ ತಲೆ ಕಡೆ ಅಲ್ಲ, ಅಪ್ಪನ ಮುಖಕ್ಕೆ ನೇರ ಕಾಣೋ ಹಂಗೆ ಕಾಲಿನ ಕಡೆ ಹಾಕ್ಕೊಂಡು, "ಹೆಂಗಿದ್ದೀರಿ" ಅಂತ ಕೇಳ್ತಾನೇ ಇರ್ಲಿಲ್ಲ. ಜೇಬಿಂದ ಕನ್ನಡಕ ತೆಗೆದು ಪೇಪರ್ ಬಿಚ್ಚಿ, "ಮೇಷ್ಟ್ರೇ, ಕೊಬ್ಬರಿ ಇವತ್ತು ಮತ್ತೆ ಇಳೀತು" ಅನ್ನೋರು. ಅಷ್ಟೇ, ಅಪ್ಪ ಶುರು. ಕೊಬ್ಬರಿ ಯಾಕೆ ಇಳೀತು, ದಲ್ಲಾಳಿಗಳು ಏನ್ ಮಾಡ್ತಿದ್ದಾರೆ, ನಮ್ಮ ಅಟ್ಟದ ಮೇಲಿರೋದನ್ನ ಈಗ ಮಾರ್ಬೇಕಾ ಇಟ್ಕೋಬೇಕಾ. ಡಾಕ್ಟರ್ ಕೇಳಿದ್ರೂ "ಹೂಂ" "ಇಲ್ಲ" ಅಂತ ಎರಡೇ ಮಾತು ಆಡ್ತಿದ್ದ ಮನುಷ್ಯ ಅರ್ಧ ಗಂಟೆ ವಾದ ಮಾಡೋರು. ಕಂಡಕ್ಟರ್ ಮಾವನ ಮುಂದೆ ಅಪ್ಪ ರೋಗಿ ಆಗಿರ್ಲಿಲ್ಲ, ಕೊಬ್ಬರಿ ಬೆಳೆಗಾರ ಆಗಿದ್ರು.

ಆಸ್ಪತ್ರೆಯಿಂದ ಮೂರು ಚೆಂಡಿನ ಒಂದು ಸಾಧನ ಕೊಟ್ಟು ಕಳಿಸಿರ್ತಾರೆ, ಪೈಪಲ್ಲಿ ಉಸಿರು ಎಳ್ಕೊಂಡ್ರೆ ಚೆಂಡು ಮೇಲೆ ಏಳತ್ತೆ, ಶ್ವಾಸಕೋಶ ಅರಳೋಕೆ, ಕಫ ಕಟ್ಟಿ ನ್ಯುಮೋನಿಯಾ ಆಗದೇ ಇರೋಕೆ. ನಾವು ಹೇಳಿದ್ರೆ ಅಪ್ಪ ಅದನ್ನ ಮುಟ್ಟೋರಲ್ಲ. ಮಾವ ಒಂದಿನ ಅದನ್ನ ಎತ್ತಿ ನೋಡಿ, "ಇದೇನ್ ಮೇಷ್ಟ್ರೇ ಮಕ್ಕಳ ಆಟದ ಸಾಮಾನು, ಎರಡ್ನೇ ಚೆಂಡು ಎತ್ತೋಕಾಗಲ್ವಾ ನಿಮಗೆ" ಅಂದ್ರು. ಆರ್ನೇ ದಿನಕ್ಕೆ ಮೂರೂ ಚೆಂಡು ಮೇಲೆ. (ಬಾಯಿಗೆ ಇಟ್ಕೊಳ್ಳೋ ಪೈಪನ್ನ ಇನ್ನೊಬ್ರು ಬಳಸೋ ಹಂಗಿಲ್ಲ, ಮಾವ ಬರೀ ಬಾಯಲ್ಲಿ ಕೆಣಕಿದ್ದು.)

ಮಾತು ಬರ್ದಿದ್ರೆ ಸುಮ್ಮನೆ ಕೈ ಹಿಡ್ಕೊಂಡು ಕೂತ್ರೂ ಆಗತ್ತೆ. 2006ರಲ್ಲಿ ಅಮೆರಿಕದಲ್ಲಿ 16 ಜನ ವಿವಾಹಿತ ಹೆಂಗಸರನ್ನ ಸ್ಕ್ಯಾನಿಂಗ್ ಮಷೀನಲ್ಲಿ ಮಲಗಿಸಿ, ಈಗ ಸಣ್ಣ ಶಾಕ್ ಕೊಡಬಹುದು ಅಂತ ಹೆದರಿಸಿ ನೋಡಿದ್ರು, ಒಬ್ರೇ ಇದ್ದಾಗ ಮೆದುಳಲ್ಲಿ ಹೆದರಿಕೆಗೆ ಸ್ಪಂದಿಸೋ ಭಾಗಗಳು ಜೋರಾಗಿ ಕೆಲಸ ಮಾಡ್ತಿದ್ವು, ಅಪರಿಚಿತರು ಕೈ ಹಿಡಿದಾಗ ಸ್ವಲ್ಪ ಕಮ್ಮಿ ಆಯ್ತು, ಗಂಡ ಕೈ ಹಿಡಿದಾಗ ಇನ್ನೂ ಕಮ್ಮಿ, ಅದರಲ್ಲೂ ಸಂಸಾರ ಚೆನ್ನಾಗಿದ್ದೋರಿಗೆ ಚೆನ್ನಾಗೇ ಕಮ್ಮಿ. ನಮ್ಮಲ್ಲಿ ಗಂಡ ಹೆಂಡ್ತಿ ಎಲ್ರ ಮುಂದೆ ಕೈ ಹಿಡ್ಕೊಳ್ಳಲ್ಲ, ನಮ್ಮಮ್ಮ ಅಂತೂ ಇಲ್ವೇ ಇಲ್ಲ, ಅದಕ್ಕೆ ಆ ಎರಡು ಗಂಟೆ ವಿಸಿಟರ್ ಟೈಮ್ ಆದ್ಮೇಲೆ ನಾವೂ ಹೊರಗೆ ಜಗಲಿ ಮೇಲೆ ಬಂದು ಕೂತ್ಕೋತಿದ್ವಿ. ನೀವೂ ಹಂಗೆ ಜಾಗ ಬಿಡಿ.

ನಾಲ್ಕ್ನೇದು: ಪ್ರಾರ್ಥನೆ ಮಾಡಿ, ಪರೀಕ್ಷೆ ಮಾಡ್ಬೇಡಿ

ಹರಕೆ ವಿಷಯಕ್ಕೆ ಬರೋಣ. 2006ರಲ್ಲೇ ಅಮೆರಿಕದ 6 ಆಸ್ಪತ್ರೆಗಳಲ್ಲಿ ಬೈಪಾಸ್ ಆದ 1,802 ರೋಗಿಗಳ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ ಪ್ರಕಟ ಆಯ್ತು. ಒಂದು ಗುಂಪಿಗೆ ಬೇರೆಯೋರು ಪ್ರಾರ್ಥನೆ ಮಾಡಿದ್ರು, ರೋಗಿಗಳಿಗೆ ಮಾಡ್ತಾರೋ ಇಲ್ವೋ ಅಂತ ಖಾತ್ರಿ ಇರ್ಲಿಲ್ಲ. ಇನ್ನೊಂದು ಗುಂಪಿಗೆ ಮಾಡ್ಲಿಲ್ಲ, ಅವರಿಗೂ ಗೊತ್ತಿರ್ಲಿಲ್ಲ. ಮೂರ್ನೇ ಗುಂಪಿಗೆ ಪ್ರಾರ್ಥನೆ ಮಾಡಿ, ನಿಮಗೋಸ್ಕರ ಖಂಡಿತ ಮಾಡ್ತಿದ್ದಾರೆ ಅಂತ ಹೇಳಿದ್ರು. ಮೊದಲ ಎರಡು ಗುಂಪಲ್ಲಿ ಏನಾದ್ರೂ ತೊಂದರೆ ಕಾಣಿಸ್ಕೊಂಡಿದ್ದು ಶೇ. 52 ಮತ್ತೆ 51 ಜನಕ್ಕೆ, ಅಂದ್ರೆ ವ್ಯತ್ಯಾಸ ಇಲ್ಲ. ಖಂಡಿತ ಮಾಡ್ತಿದ್ದಾರೆ ಅಂತ ಗೊತ್ತಿದ್ದ ಗುಂಪಲ್ಲಿ ಶೇ. 59. ಅದು ಆಕಸ್ಮಿಕವೂ ಇರಬಹುದು ಅಂತ ಸಂಶೋಧಕರೇ ಹೇಳಿದ್ರು. ಆದ್ರೆ ನಂಗೆ ಇದನ್ನ ಓದಿದ ತಕ್ಷಣ ಅಪ್ಪನ "ಅಷ್ಟು ಸೀರಿಯಸ್ಸಾಗಿತ್ತೇನೋ" ನೆನಪಾಯ್ತು.

ಆದ್ರಿಂದ ಹರಕೆ ಹೊರಬೇಡಿ ಅಂತಲ್ಲ. ಹೊತ್ಕೊಳ್ಳಿ, ಅದು ನಿಮ್ಮ ಭಯಕ್ಕೆ ನೀವು ಮಾಡ್ಕೊಳ್ಳೋ ಔಷಧಿ, ರೋಗಿ ತಲೆ ಮೇಲೆ ಹಾಕ್ಬೇಡಿ ಅಂತ. "ನಿಮಗೋಸ್ಕರ ನಾನು ಒಂಬತ್ತು ವಾರ ಉಪವಾಸ ಇದ್ದೀನಿ" ಅಂದ್ರೆ ಮಲಗಿರೋರಿಗೆ ಬೇಗ ಹುಷಾರಾಗೋ ಸಾಲ ಬಿದ್ದಂಗೆ. ಆಗ್ಲಿಲ್ಲ ಅಂದ್ರೆ? ದೇವರ ಮುಂದೆ, ನಿಮ್ಮ ಮುಂದೆ ಫೇಲ್ ಆದಂಗೆ. ಕ್ಯಾನ್ಸರ್ ಮತ್ತೆ ಬಂದೋರಿಗೆ "ನಂಬಿಕೆ ಗಟ್ಟಿ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ" ಅಂದೋರನ್ನೂ ನೋಡಿದ್ದೀನಿ, ಅದಕ್ಕಿಂತ ಕ್ರೂರ ಮಾತು ಇನ್ನೊಂದಿಲ್ಲ.

ರೋಗಿ ತಾವೇ ಮಾಡೋ ಪ್ರಾರ್ಥನೆ ಬೇರೆ ಲೆಕ್ಕ. ಇಟಲಿಯ ಸಂಶೋಧಕರು 2001ರಲ್ಲಿ 23 ಜನ ಆರೋಗ್ಯವಂತರಿಗೆ ಜಪಮಾಲೆ ಹಿಡಿದು ಲ್ಯಾಟಿನ್ನಲ್ಲಿ ಮರಿಯಮ್ಮನ ಪ್ರಾರ್ಥನೆ ಹೇಳಿಸಿದ್ರು, ಆಮೇಲೆ "ಓಂ ಮಣಿ ಪದ್ಮೇ ಹೂಂ" ಹೇಳಿಸಿದ್ರು. ಎರಡರಲ್ಲೂ ಉಸಿರು ತಾನಾಗೇ ನಿಧಾನ ಆಗಿ ನಿಮಿಷಕ್ಕೆ ಸುಮಾರು 6ಕ್ಕೆ ಬಂತು, ಬಿಪಿ ಮತ್ತೆ ಎದೆ ಬಡಿತ ಒಂದಕ್ಕೊಂದು ಹೊಂದ್ಕೊಂಡು ನಡೆಯೋ ವ್ಯವಸ್ಥೆ ಚುರುಕಾಯ್ತು. ಹಂಗಾಗಿ ಯಾವ ದೇವರು ಅನ್ನೋದಕ್ಕಿಂತ ಒಂದು ಉಸಿರಿಗೆ ಹೇಳೋ ಸಾಲಿನ ಉದ್ದ ಮುಖ್ಯ.

ಮನೇಲಿ ಮಾಡೋದು ಹಿಂಗೆ. ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಬೇಕಿಲ್ಲ. ಮೂಗಲ್ಲಿ ನಿಧಾನವಾಗಿ ಉಸಿರು ತಗೊಂಡು, ಬಿಡುವಾಗ ತಮಗೆ ಇಷ್ಟ ಇರೋ ನಾಮಾನೋ, ಒಂದು ಸಾಲು ವಚನಾನೋ, ಕಲಿಮಾನೋ ಬಾಯಲ್ಲೇ ಹೇಳ್ಕೊಳ್ಳೋದು, ಎಳ್ಕೊಳ್ಳೋದು ನಾಲ್ಕು ಎಣಿಕೆ ಆದ್ರೆ ಬಿಡೋದು ಆರು ಎಣಿಕೆ. ಐದು ನಿಮಿಷ, ದಿನಕ್ಕೆ ಎರಡು ಸಲ. ಉಸಿರು ಹಿಡಿಯೋದು ಬೇಡ, ಕಪಾಲಭಾತಿ ಭಸ್ತ್ರಿಕಾ ಅಂತ ಯೂಟ್ಯೂಬ್ ನೋಡಿ ಮಾಡಿಸ್ಬೇಡಿ, ಹಾರ್ಟ್ ಆಪರೇಷನ್ ಆದೋರಿಗೆ ಡಾಕ್ಟರ್ ಹೇಳೋವರೆಗೂ ಅದು ಖಂಡಿತ ಬೇಡ. ತಲೆ ಸುತ್ತಿದ್ರೆ ನಿಲ್ಲಿಸಿ.

ಅಪ್ಪಂಗೆ ಜಪ ಹಿಡಿಸ್ಲಿಲ್ಲ, ಒಬ್ರೇ ಕೂತು ಹೇಳ್ಕೊಳ್ಳೋದು ಬೋರು ಅಂದ್ರು. ನಾಲ್ಕ್ನೇ ಶನಿವಾರ ಭಜನೆ ಮಂಡಳಿಯೋರು ಐದು ಜನ ಮನೆಗೇ ಬಂದ್ರು, ಹಾರ್ಮೋನಿಯಂ ಬಿಟ್ಟು ಬನ್ನಿ ಅಂತ ಅಕ್ಕ ಮೊದಲೇ ಹೇಳಿದ್ಳು. ನಲವತ್ತು ನಿಮಿಷ. ಅಪ್ಪ ಮೊದಲ್ನೇ ಪದಕ್ಕೆ ಕಣ್ಣು ಮುಚ್ಚಿದ್ರು, ಎರಡ್ನೇದಕ್ಕೆ ತೊಡೆ ಮೇಲೆ ಬೆರಳು ಆಡ್ತಿತ್ತು, ಮೂರ್ನೇದಕ್ಕೆ ಪಕ್ಕದೋರ ಕೈಯಿಂದ ತಾಳ ಇಸ್ಕೊಂಡ್ರು, ಎದೆ ನೋಯತ್ತೆ ಅಂತ ಮೊಣಕೈ ಎರಡೂ ಪಕ್ಕೆಗೆ ಒತ್ಕೊಂಡು ಬರೀ ಮಣಿಕಟ್ಟಲ್ಲಿ ತಾಳ ಹಾಕಿದ್ರು. ಮಧ್ಯೆ ಒಬ್ರು ಲಯ ತಪ್ಪಿಸಿದಾಗ ಕಣ್ಣು ಬಿಟ್ಟು ಗುರಾಯಿಸಿದ್ರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಲ್ಲಿ ಕಣ್ಣು ಒರೆಸ್ಕೊಂಡು "ಸರಿಹೋಯ್ತು ಬಿಡು" ಅಂದ್ರು, ನಂಗೆ.

ಐದ್ನೇದು: ಪೂಜೆ, ಪ್ರಸಾದ, ಎಳನೀರು, ಇಲ್ಲಿ ಮಾತ್ರ ಕಟ್ಟುನಿಟ್ಟು

ಭಕ್ತಿಗೆ ಬೇಡ ಅನ್ನಬಾರದು, ಆದ್ರೆ ಕೆಲವು ವಿಷಯದಲ್ಲಿ ಬೇಡ ಅಂದ್ರೆ ಬೇಡವೇ.

ಮನೇಲಿ ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸನ್ಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಮಷೀನು) ಹಾಕಿದ್ರೆ ಆ ರೂಮಲ್ಲಿ ದೀಪ, ಊದಬತ್ತಿ, ಕರ್ಪೂರ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ಆಕ್ಸಿಜನ್ ಇರೋ ಕಡೆ ಒಂದು ಕಿಡಿ ಬಿದ್ರೂ ಬಟ್ಟೆ ಭಗ್ ಅಂತ ಹತ್ಕೊಳ್ಳತ್ತೆ. ಆರತಿ ದೇವರ ಮನೇಲಿ ಮಾಡಿ, ಬರೀ ಕುಂಕುಮ ತಂದು ಹಚ್ಚಿ. ಉಬ್ಬಸ ಇರೋರಿಗೂ ಹೊಗೆ ಆಗಲ್ಲ.

ಎಳನೀರು. ಕಾಯಿಲೆ ಅಂದ್ರೆ ಎಳನೀರು ತಗೊಂಡು ಹೋಗೋದು ನಮ್ಮ ಕಡೆ ರೂಢಿ, ಆದ್ರೆ ಕಿಡ್ನಿ ತೊಂದರೆ ಇರೋರಿಗೆ, ಡಯಾಲಿಸಿಸ್ ಮೇಲಿರೋರಿಗೆ ಅದು ಅಪಾಯ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ರಕ್ತದಲ್ಲಿ ಅದು ಏರಿದ್ರೆ ಹೃದಯದ ಬಡಿತಾನೇ ತಪ್ಪಬಹುದು. ಬಾಳೆಹಣ್ಣಿಗೂ ಅದೇ ಮಾತು. ಹಾರ್ಟ್ ಪೇಷಂಟಿಗೂ ಕೆಲವು ಬಿಪಿ ಮಾತ್ರೆ ಜೊತೆ ಆಗಲ್ಲ, ಡಾಕ್ಟರನ್ನ ಕೇಳದೇ ಕೊಡಬೇಡಿ. ನಮ್ಮನೆ ಮೂಲೇಲಿದ್ದ ಆ ಗೊನೆಯನ್ನ ಬಂದ ನೆಂಟರಿಗೇ ಕುಡಿಸಿ ಖಾಲಿ ಮಾಡಿದ್ವಿ.

ಕೀಮೋ ನಡೀತಿರೋರಿಗೆ ತೀರ್ಥ, ಪಂಚಾಮೃತ, ಹಸಿ ಕೋಸಂಬರಿ ಬೇಡ, ಬಿಳಿ ರಕ್ತಕಣ ಕಮ್ಮಿ ಇರತ್ತೆ, ಸಣ್ಣ ಇನ್ಫೆಕ್ಷನ್ನೂ ದೊಡ್ಡದಾಗತ್ತೆ. ಬೇಯಿಸಿದ ಪ್ರಸಾದ ಮನೇಲಿ ಮಾಡಿ ಬಿಸಿಬಿಸಿ ಕೊಡಿ. ತೀರ್ಥ ಕಣ್ಣಿಗೆ ಒತ್ಕೊಂಡು ಬಿಟ್ರೆ ಯಾವ ದೇವರೂ ಕೋಪ ಮಾಡ್ಕೊಳ್ಳಲ್ಲ.

ಉಪವಾಸ: ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೋಳೋರು ಏಕಾದಶಿ, ರಂಜಾನ್, ಸಂಕಷ್ಟಿ ಅಂತ ಹೇಳದೇ ಕೇಳದೇ ಊಟ ಬಿಟ್ರೆ ಶುಗರ್ ಇಳಿದು ಬೀಳ್ತಾರೆ. ಮೊದಲೇ ಡಾಕ್ಟರ್ ಹತ್ರ ಹೋಗಿ ಡೋಸ್ ಕೇಳ್ಕೊಳ್ಳಿ. ರೋಜಾ ಇರೋದ್ರಿಂದ ಕಾಯಿಲೆಯೋರಿಗೆ ವಿನಾಯಿತಿ ಇದೆ.

ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಯಾರೋ ತಂದ ಕಷಾಯ, ಚೂರ್ಣ, ಬೇರು ಹೊಟ್ಟೆಗೆ ಹೋಗಬಾರದು. ಗಾಯದ ಮೇಲೆ ವಿಭೂತಿ, ಅರಿಶಿನ, ಭಂಡಾರ ಹಾಕಬಾರದು. ಕೊನೇದಾಗಿ, ಯಾರಾದ್ರೂ "ಮಾತ್ರೆ ನಿಲ್ಲಿಸಿ, ಇದನ್ನ ಕಟ್ಟಿ" ಅಂದ್ರೆ ಅಲ್ಲಿಗೆ ಮಾತು ಮುಗೀತು ಅಂತ ಎದ್ದು ಬನ್ನಿ. ಮಾತ್ರೆ ಜೊತೆಗೆ ತಾಯತ ಇರ್ಲಿ, ತೊಂದರೆ ಇಲ್ಲ, ಮಾತ್ರೆ ಬದಲಿಗೆ ಬೇಡ.

ಆರ್ನೇದು: ಮನಸ್ಸು ಕುಸಿದ್ರೆ

ದೊಡ್ಡ ಆಪರೇಷನ್ ಆದ್ಮೇಲೆ ಕೆಲವು ದಿನ ಅಳು ಬರೋದು, ಸಿಟ್ಟು ಬರೋದು ಮಾಮೂಲಿ. ಆದ್ರೆ ಎರಡು ವಾರ ದಾಟಿದ್ರೂ ಯಾವುದರಲ್ಲೂ ಇಷ್ಟ ಇಲ್ಲ, ಊಟ ಸೇರಲ್ಲ, ಬೆಳಗಿನ ಜಾವ ಎಚ್ಚರ ಆಗಿ ಕೂತಿರ್ತಾರೆ, "ನಾನು ಎಲ್ರಿಗೂ ಭಾರ" ಅಂತಾರೆ ಅಂದ್ರೆ ಅದು ಭಕ್ತಿ ಕಮ್ಮಿ ಆಗಿದ್ದಲ್ಲ, ಡಿಪ್ರೆಷನ್ ಇರಬಹುದು, ಅದಕ್ಕೆ ಔಷಧಿ ಇದೆ. ಹೃದಯದ ರೋಗಿಗಳಲ್ಲಿ ಡಿಪ್ರೆಷನ್ನಿಗೆ ಚಿಕಿತ್ಸೆ ಕೊಡಿಸದೇ ಬಿಟ್ರೆ ಹೃದಯ ಚೇತರಿಸ್ಕೊಳ್ಳೋದೂ ಹಿಂದೆ ಬೀಳತ್ತೆ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ಇಪ್ಪತ್ನಾಲ್ಕು ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಮಾತು ಆಡಿದ್ರೆ ಒಬ್ರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮನಸ್ಸಿನ ಕಾಯಿಲೆಗೆ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ಬೇಕಾ ಅಂತ ಸುಮಾರು ಜನ ಕೇಳ್ತಾರೆ. ಇದಕ್ಕೆ ಎರಡು ಮುಖ ಇದೆ. ನಮ್ಮ ನಿಮ್ಹಾನ್ಸಿನ ಸಂಶೋಧಕರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಯಲ್ಲಿ ಬಂದು ಉಳ್ಕೊಂಡಿದ್ದ 31 ಜನ ತೀವ್ರ ಮಾನಸಿಕ ರೋಗಿಗಳನ್ನ ನೋಡಿ 2002ರಲ್ಲಿ ಬರೆದ್ರು: ಅಲ್ಲಿ ಮಂತ್ರ ಮಾಟ ಏನೂ ಇಲ್ಲ, ಬೆಳಿಗ್ಗೆ ಸಣ್ಣ ಪೂಜೆ, ಆಮೇಲೆ ಕಸ ಗುಡಿಸೋದು ಗಿಡಕ್ಕೆ ನೀರು ಹಾಕೋದು ಅಂಥ ಕೆಲಸ, ಬೈಯೋರಿಲ್ಲ ಹೆದರಿಸೋರಿಲ್ಲ. ಕೆಲವು ವಾರದಲ್ಲಿ ಅವರ ಲಕ್ಷಣಗಳ ಅಂಕಿ ಸುಮಾರು ಶೇ. 20ರಷ್ಟು ಇಳಿದಿತ್ತು. ಇನ್ನೊಂದು ಮುಖ ಅದೇ ರಾಜ್ಯದ ಏರ್ವಾಡಿ. ದರ್ಗಾ ಹತ್ರದ ಖಾಸಗಿ ಶೆಡ್ಡಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ಜನ 2001ರ ಆಗಸ್ಟ್ 6ರಂದು ಬೆಂಕಿಗೆ ಸಿಕ್ಕಿ ಸತ್ರು, ಓಡೋಕಾಗ್ಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿ ಹಾಕೋದೇ ಅಪರಾಧ. ಹಂಗಾಗಿ ಜಾಗ ನೋಡಿ ಹೋಗಿ: ಕಟ್ಟಿ ಹಾಕ್ತಾರಾ, ಹೊಡೀತಾರಾ, ಮಾತ್ರೆ ಬಿಡಿಸ್ತಾರಾ, ಮನೆಯೋರನ್ನ ಜೊತೆಗಿರೋಕೆ ಬಿಡ್ತಾರಾ? ಈ ಕೊನೇದು ಬಹಳ ಮುಖ್ಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯೋರನ್ನ ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿ ಜೊತೆಗೆ ಉಳಿಸ್ಕೊಂಡ್ರು, ಮನೆಯೋರು ಕಲಿತ್ರು, ರೋಗಿಗಳು ಬೇಗ ಮನೆಗೆ ಹೋದ್ರು. ಮನೆಯೋರನ್ನ ದೂರ ಇಡೋ ಜಾಗ ಆಸ್ಪತ್ರೆ ಆಗ್ಲಿ ಆಶ್ರಮ ಆಗ್ಲಿ, ಯಾಕೆ ಅಂತ ಕೇಳಿ.

ಏಳ್ನೇದು: ನೋಡ್ಕೊಳ್ಳೋರನ್ನ ನೋಡ್ಕೊಳ್ಳೋರು ಯಾರು

ಎರಡ್ನೇ ತಿಂಗಳಲ್ಲಿ ಅಮ್ಮನ ಬಿಪಿ ನೋಡಿದ್ರೆ ಅಪ್ಪಂದಕ್ಕಿಂತ ಜಾಸ್ತಿ. ಅವರು ನಲವತ್ತು ದಿನದಿಂದ ಮನೆ ಬಿಟ್ಟು ಹೊರಗೇ ಹೋಗಿರ್ಲಿಲ್ಲ. ವಾರಕ್ಕೆ ಒಂದಿನ ಮೂರು ಗಂಟೆ ಅವರದ್ದು ಅಂತ ಬರೆದು ಕ್ಯಾಲೆಂಡರಲ್ಲಿ ಹಾಕಿದ್ವಿ. ಗುಡಿಗೆ ಹೋಗ್ತೀನಿ ಅಂತ ಹೊರಟು ಗುಡಿಗೆ ಹೋಗಿ ಬಂದು ತಂಗಿ ಮನೇಲಿ ಮಲಗಿ ನಿದ್ದೆ ಮಾಡ್ತಿದ್ರು ಅಂತ ಆಮೇಲೆ ಗೊತ್ತಾಯ್ತು, ಅದೂ ಪೂಜೆನೇ. ನೋಡೋಕೆ ಬರೋರು ಹಣ್ಣು ಬಿಸ್ಕೆಟ್ ತರೋ ಬದಲು ಒಂದು ಡಬ್ಬಿ ಸಾರು ತಂದ್ರೆ, ಅಥವಾ "ನೀವು ಹೋಗ್ಬನ್ನಿ ಅಕ್ಕ, ಎರಡು ಗಂಟೆ ನಾನಿರ್ತೀನಿ" ಅಂದ್ರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ದೂರದಲ್ಲಿರೋರಿಗೆ

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಮೊದಲು ದಿನಾ ವಿಡಿಯೋ ಕಾಲ್ ಮಾಡಿ ಬಿಪಿ ಎಷ್ಟು, ವಾಕಿಂಗ್ ಆಯ್ತಾ, ಮಾತ್ರೆ ಆಯ್ತಾ ಅಂತ ಕೇಳ್ತಿದ್ದ, ಅಪ್ಪ ಫೋನ್ ನೋಡಿದ್ರೆ ಮುಖ ತಿರುಗಿಸೋಕೆ ಶುರು ಮಾಡಿದ್ರು. ಲೆಕ್ಕ ಎಲ್ಲ ನಾನು ಬರೆದು ಕಳಿಸ್ತೀನಿ, ನೀನು ಅಪ್ಪನ ಹತ್ರ ಏನಾದ್ರೂ ಸಲಹೆ ಕೇಳು ಅಂತ ಹೇಳ್ದೆ. ಅವನು ಅಲ್ಲಿ ಮನೆ ಹಿಂದೆ ಒಂದು ಹೀರೆ ಬಳ್ಳಿ ಹಾಕಿದ್ದ, ಅದಕ್ಕೆ ಹುಳ ಬಿದ್ದಿದೆ ಏನ್ ಮಾಡ್ಲಿ ಅಪ್ಪ ಅಂತ ಎಲೆ ತೋರಿಸಿದ. ಅಲ್ಲಿಂದ ಆ ಹೀರೆ ಬಳ್ಳಿದು ದಿನಾ ವಿಚಾರಣೆ. ಒಂದೇ ಟೈಮಿಗೆ ಮಾಡಿ, ಹತ್ತು ನಿಮಿಷ ಸಾಕು, ಕಾಯ್ತಾ ಇರೋದರಲ್ಲೇ ಅರ್ಧ ದಿನ ಹೋಗತ್ತೆ ಅವರಿಗೆ.

ಮೂರು ತಿಂಗಳಾದ್ಮೇಲೆ

ಇದನ್ನ ಯಾರೂ ಹೇಳಲ್ಲ. ಮೊದಲ ವಾರ ಹನ್ನೊಂದು ಜೊತೆ ಚಪ್ಪಲಿ ಇದ್ದ ಬಾಗಿಲಲ್ಲಿ ಮೂರ್ನೇ ತಿಂಗಳಿಗೆ ಒಂದೂ ಇರಲ್ಲ, ಎಲ್ರೂ ಹುಷಾರಾದ್ರು ಅಂದ್ಕೋತಾರೆ. ರೋಗಿಗೆ ಒಂಟಿ ಅನ್ಸೋದು ಆಗಲೇ. ಆದ್ರಿಂದ ಅಕ್ಕನ ಥರ ಬಾಗಿಲು ಕಾದೋರೇ ಆಗ ಉಲ್ಟಾ ಕೆಲಸ ಮಾಡ್ಬೇಕು, ಫೋನ್ ಮಾಡಿ ಕರೀಬೇಕು, ಈ ಬುಧವಾರ ನೀವು, ಮುಂದಿನ ಬುಧವಾರ ಅವರು ಅಂತ. ಡಾಕ್ಟರ್ ಒಪ್ಪಿದ ಮೇಲೆ ರೋಗಿಗೇ ಏನಾದ್ರೂ ಕೆಲಸ ಕೊಡಿ, ಗುಡಿಯ ಲೆಕ್ಕ ಬರೆಯೋದು, ಮಕ್ಕಳಿಗೆ ಮಗ್ಗಿ ಹೇಳ್ಕೊಡೋದು, ಇನ್ನೊಬ್ರಿಗೆ ಬೇಕಾಗಿದ್ದೀನಿ ಅಂತ ಅನ್ಸೋ ಯಾವುದಾದ್ರೂ ಸರಿ.

ಹೋದ ತಿಂಗಳು ಕಂಡಕ್ಟರ್ ಮಾವಂಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಈಗ ನಾಲ್ಕೂವರೆಗೆ ಅಪ್ಪ ಛತ್ರಿ ಹಿಡ್ಕೊಂಡು ಅವರ ಮನೆಗೆ ಹೋಗ್ತಾರೆ, ಪೇಪರ್ ಓದಿ ಹೇಳೋಕೆ. ಮೇಷ್ಟ್ರು ಕೊಬ್ಬರಿ ರೇಟು ಓದೋಕೆ ಮುಂಚೆ ಸಂಪಾದಕೀಯ ಪೂರ್ತಿ ಓದ್ತಾರೆ, ತಲೆ ತಿಂತಾರೆ ಅಂತ ಮಾವ ನನ್ನ ಹತ್ರ ಕಂಪ್ಲೇಂಟ್ ಮಾಡಿದ್ರು.